ಜೇನಿಗೆ ಮೊದಲು ಹೇಳಿದವರು

ರೈಕ್ರಾಫ್ಟ್
ಬುಧವಾರ, 21 ಸೆಪ್ಟೆಂಬರ್ 1864

ಮಗಳು ಆಗ್ನೆಸ್‌ಗೆ ಅವ್ವನ ಆಶೀರ್ವಾದ.

ಇಂದು ಸುಗ್ಗಿಕಾಲದ ಉಪವಾಸ. ಒಂದು ತುಂಡು ಒಣ ರೊಟ್ಟಿ, ಹಾಲಿಲ್ಲದ ಚಹಾ, ಮಧ್ಯಾಹ್ನದವರೆಗೆ ಅಷ್ಟೇ. ಒಲೆಯ ಬೂದಿ ತೆಗೆದೆ, ಹಂದಿಗೆ ಕಲಗಚ್ಚು ಹಾಕಿದೆ, ಹೊಸ್ತಿಲ ಕಲ್ಲು ಉಜ್ಜಿದೆ, ಪಕ್ಕದ ಮನೆಯ ಬಾಣಂತಿಯ ಬಟ್ಟೆ ಒಗೆದು ಬೇಲಿಗೆ ಹರವಿ ಈಗ ಕೂತಿದ್ದೇನೆ.

ನೀನು ಕೆಲಸಕ್ಕಿರುವ ಮನೆಯ ಯಜಮಾನ ಸಿಂಗಲ್ಟನ್‌ನನ್ನು ಮಣ್ಣು ಮಾಡಿದ ದಿನ ನಾನು ಮಾರ್ಲ್‌ಗೇಟ್‌ಗೆ ಬಂದಿದ್ದೆನಲ್ಲ, ನೀನು ನನ್ನ ಹತ್ತಿರ ಒಂದು ಗಳಿಗೆಯೂ ನಿಲ್ಲಲಿಲ್ಲ. ಮಾಂಸದ ತಟ್ಟೆ ಹಿಡಿದು ಆಚೆಯಿಂದ ಈಚೆಗೆ ಓಡಾಡಿದೆ. ಸಾವಿನ ಮನೆ, ಕೆಲಸದವಳು, ಇರಲಿ ಎಂದುಕೊಂಡೆ. ಆಮೇಲೆ ಒಂದಕ್ಷರವೂ ಇಲ್ಲ. ನನ್ನ ಮಗಳಿರುವ ಮನೆಯ ಸುದ್ದಿಯನ್ನು ನಾನು ಊರ ಬಾಯಿಂದ ಕೇಳಬೇಕಾಗಿದೆ. ಊರು ಹೇಳುವುದನ್ನು ಬರೆಯುತ್ತೇನೆ, ಸುಳ್ಳಿದ್ದರೆ ತಿದ್ದು.

ಐರ್ಲೆಂಡಿನಿಂದ ಕೊಯ್ಲಿಗೆ ಬಂದ ಮಾರ್ಟಿನ್ ಗೆರಾಟಿ ಎನ್ನುವವನು ಆಗಸ್ಟ್‌ನ ಒಂದು ಶನಿವಾರ ಹೊಲದಲ್ಲಿ ಎಲ್ಲರೆದುರು ಯಜಮಾನನ ಕೈಯಿಂದ ಚಾಟಿ ಕಿತ್ತುಕೊಂಡು ಮೊಣಕಾಲಿಗೆ ಕೊಟ್ಟು ಮುರಿದನಂತೆ. ಹೆಣ್ಣು ಕುದುರೆಗೆ ಹೊಡೆದದ್ದಕ್ಕೆ. "ಇನ್ನೊಂದ್ಸಲ ಅದರ ಮೇಲೆ ಕೈಯೆತ್ತು, ನಿನ್ನ ಬುರುಡೆ ಬಿಚ್ತೀನಿ" ಅಂದನಂತೆ. ಸೋಮವಾರ, ಮರಿಯಮ್ಮನ ಸ್ವರ್ಗಾರೋಹಣದ ಹಬ್ಬದ ದಿನ, ಯಜಮಾನ ಜೇಡಿಮಣ್ಣಿನ ಹೊಂಡದಲ್ಲಿ ತಲೆಯೊಡೆದು ಬಿದ್ದಿದ್ದ. ಹಾಲಿನ ಗಾಡಿಯವನು ಅವನನ್ನು ಕಂಡದ್ದು ಹೊತ್ತು ಚೆನ್ನಾಗಿ ಏರಿದ ಮೇಲೆ. ಆದರೆ ಅದಕ್ಕೂ ಎಷ್ಟೋ ಮೊದಲು, ಮುಂಜಾನೆಯ ಪೂಜೆಗೆ ಮುನ್ನ, ಈ ಮಾರ್ಟಿನ್ ನಿಮ್ಮ ಕಡೆಯ ಗುಡಿಯ ಬಾಗಿಲಲ್ಲಿ, ಅಲ್ಲಿಗೂ ಪೂಜೆಗೆ ಬರುವ ನಮ್ಮ ಫಾದರ್ ಗ್ರೇಡ್‌ವೆಲ್‌ ಅವರಿಗೆ ಹೇಳಿದನಂತೆ: "ಫಾದರ್, ಮಾರ್ಲ್‌ಗೇಟ್ ಮನೇಲಿ ಸಾವಾಗಿದೆ, ಆ ಆತ್ಮಾನ ಪೂಜೇಲಿ ನೆನೀರಿ." ಗಂಟೆ ಹೊಡೆಯುವವನೂ ಅದನ್ನು ಕೇಳಿಸಿಕೊಂಡ. ಯಾರೂ ಕಾಣದ ಹೆಣದ ಸುದ್ದಿ ಕೊಂದವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ ಎಂದು ಪೊಲೀಸರು ಕೇಳುತ್ತಾರೆ. ಊರೂ ಅದನ್ನೇ ಕೇಳುತ್ತದೆ. ಅವನೀಗ ಲ್ಯಾಂಕಾಸ್ಟರ್ ಕೋಟೆಯ ಜೈಲಿನಲ್ಲಿದ್ದಾನೆ. ಮಾರ್ಚ್‌ನಲ್ಲಿ ದೊಡ್ಡ ನ್ಯಾಯಾಧೀಶರು ಬರುತ್ತಾರೆ. ಆಮೇಲೆ ಗಲ್ಲು.

ನನಗೊಂದು ಹಿಡಿಸುತ್ತಿಲ್ಲ. ಕೊಂದವನು ಹೋಗಿ, ಸತ್ತವನಿಗಾಗಿ ಪ್ರಾರ್ಥಿಸಿ ಎನ್ನುತ್ತಾನೆಯೆ?

ಇನ್ನೊಂದು ಮಾತು. ಆಗಸ್ಟ್‌ನಿಂದ ನೀನು ಪೂಜೆಯಲ್ಲಿ ಪರಮಪ್ರಸಾದಕ್ಕೆ ಎದ್ದು ಬರುತ್ತಿಲ್ಲವೆಂದು ಆ ಗುಡಿಗೆ ಹೋದವರು ಹೇಳುತ್ತಾರೆ. ಮೈಗೆ ಹುಷಾರಿಲ್ಲವೆ?

ನಿನ್ನ ಅವ್ವ,
ವಿನಿಫ್ರೆಡ್ ಕಾಟಮ್


ಮಾರ್ಲ್‌ಗೇಟ್
9 ಅಕ್ಟೋಬರ್ 1864

ಅವ್ವನಿಗೆ,

ಕಾಗದ ತಲುಪಿತು. ನಾನು ಚೆನ್ನಾಗಿದ್ದೇನೆ. ಅಮ್ಮಾವ್ರು ಆಗಸ್ಟ್‌ನಲ್ಲಿ ಹಾಲಿನ ಕೋಣೆಯಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿದದ್ದು ಇನ್ನೂ ಕೂಡಿಲ್ಲ. ಹಾಲು ಕರೆಯುವುದು, ಚೀಸ್ ಒತ್ತುವುದು ಎಲ್ಲ ನನ್ನ ಮೇಲೆ ಬಿದ್ದಿದೆ. ಮಹಡಿಯಲ್ಲಿ ಮಲಗಿದಲ್ಲೇ ಇರುವ ಯಜಮಾನರ ಸೋದರತ್ತೆ ದಿನಾ "ರೋಜರ್ ಸಂತೆಯಿಂದ ಬಂದ್ನೇನೆ?" ಎಂದು ಯಜಮಾನರ ಬಗ್ಗೆ ಕೇಳುತ್ತಾಳೆ. ಇನ್ನೂ ಇಲ್ಲಜ್ಜಿ ಎನ್ನುತ್ತೇನೆ.

ಊರು ಹೇಳುವುದರಲ್ಲಿ ತಿದ್ದುವುದು ಒಂದೇ ಇದೆ. ಯಜಮಾನರು ಕುದುರೆಗೆ ಹೊಡೆದದ್ದು ಚಾಟಿಯ ಬಾರಿನಿಂದ ಅಲ್ಲ, ಹಿಡಿಯಿಂದ. ಕಣ್ಣಿನ ಮೇಲೆ.

ಬೇರೆ ಏನೂ ನನಗೆ ಗೊತ್ತಿಲ್ಲ. ಈ ವಿಷಯ ಇನ್ನು ಬರೆಯಬೇಡ. ಕಾಗದ ಬಂದರೆ ಏನು ಬಂತು ಎಂದು ಅಮ್ಮಾವ್ರು ಕೇಳುತ್ತಾರೆ.

ನಿನ್ನ ಮಗಳು,
ಆಗ್ನೆಸ್


ರೈಕ್ರಾಫ್ಟ್
ಶುಕ್ರವಾರ, 11 ನವೆಂಬರ್ 1864

ಮಗಳೇ,

ಬರೆಯಬೇಡ ಎಂದೆ ನೀನು. ಬರೆಯದೆ ಇರಲಾರೆ. ಇಂದು ಸಂತ ಮಾರ್ಟಿನರ ಹಬ್ಬ, ಆ ಹೆಸರಿನವನು ಕಲ್ಲಿನ ಗೋಡೆಯ ಒಳಗೆ ಕೂತಿದ್ದಾನೆ.

ಬುಧವಾರ ಫಾದರ್ ಜೊತೆ ರೈಲಿನಲ್ಲಿ ಲ್ಯಾಂಕಾಸ್ಟರ್‌ಗೆ ಹೋಗಿ ಅವನನ್ನು ಕಂಡುಬಂದೆ. ನಮ್ಮ ಮತದವನು, ನಮ್ಮ ಪ್ರಾಂತದಲ್ಲಿ ಅವನಿಗೆ ದಿಕ್ಕಿಲ್ಲ. ಓಟ್ಸ್ ರೊಟ್ಟಿಯನ್ನೂ ಒಂದಿಷ್ಟು ಚೀಸನ್ನೂ ಒಯ್ದಿದ್ದೆ. ದೈತ್ಯನಂಥವನು ಇರಬೇಕೆಂದುಕೊಂಡಿದ್ದೆ. ಕಂಡರೆ ಕೆಂಪು ಕೂದಲಿನ, ಸಣ್ಣ ಹೆಗಲಿನ ಮನುಷ್ಯ.

"ಯಾರಮ್ಮ ನೀವು?" ಅಂದ.

"ಮಾರ್ಲ್‌ಗೇಟ್‌ನಲ್ಲಿ ಕೆಲಸಕ್ಕಿದಾಳಲ್ಲ ಆಗ್ನೆಸ್, ಅವಳ ತಾಯಿ."

"ಓಹೋ, ಆ ಹುಡುಗೀನಾ! ಮಜ್ಜಿಗೆ ಕೇಳಿದ್ರೆ ಹಾಲು ಕೊಡೋಳು. ನಿಮ್ಮ ಮುಖ ನೋಡಿದ್ರೆ ಆ ಗುಣ ಎಲ್ಲಿಂದ ಬಂತೋ ಗೊತ್ತಾಗ್ತಿಲ್ಲ."

"ಬಾಯಿ ಇರೋದು ತಿನ್ನೋಕೆ, ತಿನ್ನು" ಅಂದೆ. ಫಾದರ್ ನಕ್ಕುಬಿಟ್ಟರು. ಆಮೇಲೆ ನೇರ ಕೇಳಿದೆ. "ಸಾವಾಗಿದೆ ಅಂತ ನಿಂಗೆ ಹೇಳಿದ್ಯಾರು?"

"ಜೇನು" ಅಂದ. "ಕತ್ತಲೆ ಹರೀತಿತ್ತಮ್ಮ. ಹಬ್ಬದ ಪೂಜೆ ತಪ್ಪಬಾರದು ಅಂತ ಕೊಟ್ಟಿಗೆಯಿಂದೆದ್ದು ತೋಟದ ಮೇಲಿಂದ ಬಂದೆ. ಅಲ್ಲಿ ಹುಲ್ಲಿನ ಜೇನುಗೂಡುಗಳು ಸಾಲಾಗಿ ಇವೆಯಲ್ಲ, ಒಂದೊಂದಕ್ಕೂ ಕಪ್ಪು ಬಟ್ಟೆ ಕಟ್ಟಿತ್ತು. ನಮ್ಮ ಕಡೇಲೂ ಮನೇಲಿ ಸಾವಾದ್ರೆ ಕಟ್ತಾರೆ. ಅಯ್ಯೋ, ಮಹಡಿ ಮೇಲಿನ ಮುದುಕಿ ಹೋಯ್ತು ಅಂದ್ಕೊಂಡೆ. ಶಿಲುಬೆ ಗುರುತು ಹಾಕ್ಕೊಂಡೆ. ಹೋಗಿ ಫಾದರ್‌ಗೆ ಹೇಳ್ದೆ, ಇಡೀ ಪೂಜೆ ಆ ಮುದುಕಿಗೇ ಒಪ್ಪಿಸ್ದೆ. ಈಗ ನೋಡಿ, ಮುದುಕಿ ಗಂಜಿ ಕುಡೀತಾ ಗಟ್ಟಿಯಾಗಿದಾಳಂತೆ, ನಾನು ಸಾಯೋಕೆ ಕೂತಿದೀನಿ."

ಆಗ್ನೆಸ್, ರೈಲಿನಲ್ಲಿ ಬರುವಾಗೆಲ್ಲ ಅದನ್ನೇ ಲೆಕ್ಕ ಹಾಕಿದೆ. ಮನೆಯಲ್ಲಿ ಸಾವಾದರೆ ಮೊದಲು ಗೂಡಿಗೆ ಕಪ್ಪು ಕಟ್ಟಿ ಜೇನಿಗೆ ಹೇಳಬೇಕು, ಹೇಳದಿದ್ದರೆ ಅವು ಸಾಯುತ್ತವೆ ಇಲ್ಲವೆ ಮನೆ ಬಿಟ್ಟು ಹೋಗುತ್ತವೆ. ಇದನ್ನು ನಿನಗೆ ನಾನು ಹೇಳಬೇಕಿಲ್ಲ. ನಿನ್ನ ಅಪ್ಪ ಹೋದಾಗ ಬಾಗಿಲ ಬೀಗದ ಕೈ ಹಿಡಿದು ಗೂಡು ತಟ್ಟಿದವಳು ನೀನೇ. ಹೆಣ ಸಿಕ್ಕದ್ದು ಹೊತ್ತೇರಿದ ಮೇಲೆ. ನಸುಕಿನಲ್ಲೇ ಗೂಡಿಗೆ ಕಪ್ಪು ಕಟ್ಟಿದವರಿಗೆ ಯಜಮಾನ ಸತ್ತದ್ದು ಆಗಲೇ ಗೊತ್ತಿತ್ತು. ಹೊರಗಿನವರು ಇನ್ನೊಬ್ಬರ ಜೇನಿಗೆ ಹೇಳುವುದಿಲ್ಲ. ಹೇಳಿದರೂ ಜೇನು ಕೇಳುವುದಿಲ್ಲ. ಹೇಳಿದವರು ಮನೆಯವರು.

ವಕೀಲ ಪೆಲ್ ಸಾಹೇಬರಿಗೆ ಇದನ್ನೆಲ್ಲ ಅವನು ಹೇಳಿದ್ದಾನೆ. ಆರೋಪಿಯ ಬಾಯಿಮಾತು ಯಾರು ನಂಬುತ್ತಾರೆ ಎಂದರಂತೆ. ಏಕೆಂದರೆ ನಿನ್ನ ಯಜಮಾನಿ ಎಲೆನೋರ್ ಬೈಬಲ್ ಮುಟ್ಟಿ ಹೇಳಿದ್ದಾಳೆ, ಹೆಣ ಮನೆಗೆ ಬಂದ ಮೇಲೆ ತಾನೇ ಕಟ್ಟಿದ್ದು ಎಂದು.

ಆ ತೋಟ ನಿನ್ನ ಅಡಿಗೆಮನೆಯ ಕಿಟಕಿಗೆ ಎದುರು. ದಿನಾ ಮೊದಲು ಏಳುವವಳು ನೀನು. ಏನು ಕಂಡೆ?

ನಿನ್ನ ಯಜಮಾನಿ ನಿನಗೆ ಒಳ್ಳೆಯವಳು, ಬಲ್ಲೆ. ಅವಳ ಗಂಡ ಎಂಥವನೆಂದೂ ಬಲ್ಲೆ. ಆದರೂ ಕೇಳು. ಕೊಂದವರು ಯಾರೇ ಆಗಲಿ, ಯಾಕೇ ಆಗಲಿ, ಆ ಹಗ್ಗ ಅವರದು. ಇನ್ನೊಬ್ಬರ ಮಗನ ಕುತ್ತಿಗೆಗೆ ಅದನ್ನು ಹಾಕಿ ಸುಮ್ಮನೆ ಕೂರುವುದು ಎರಡನೇ ಕೊಲೆ. ಮಾರ್ಟಿನ್‌ಗೂ ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಒಬ್ಬ ಅವ್ವ ಇದ್ದಾಳೆ. ಅವಳಿಗೆ ಓದಲು ಬಾರದು, ಮಗ ಜೈಲಿನಲ್ಲಿರುವುದೂ ಇನ್ನೂ ಗೊತ್ತಿಲ್ಲ. ಕೊಯ್ಲು ಈ ಸಲ ಉದ್ದವಾಯಿತು ಎಂದು ಕಾಯುತ್ತಿದ್ದಾಳೆ.

ಉತ್ತರ ಬರಿ.

ನಿನ್ನ ಅವ್ವ


ಮಾರ್ಲ್‌ಗೇಟ್
27 ನವೆಂಬರ್ 1864

ಅವ್ವನಿಗೆ,

ನಾನು ಏನೂ ಕಾಣಲಿಲ್ಲ. ಜೇನಿನ ವಿಷಯ ಅಮ್ಮಾವ್ರು ಹೇಳಿದ್ದೇ ಸರಿ. ಕ್ರಿಸ್‌ಮಸ್‌ಗೆ ಬರಲು ಆಗುವುದಿಲ್ಲ. ನೀನು ಕಳಿಸಿದ ಉಣ್ಣೆಯ ಕಾಲುಚೀಲ ಬೆಚ್ಚಗಿದೆ.

ಅವನು ತಿಂದನೆ? ನೀನು ಒಯ್ದ ರೊಟ್ಟಿಯನ್ನು ಪೂರ್ತಿ ತಿಂದನೆ?

ಆಗ್ನೆಸ್ ಕಾಟಮ್


ಮಾರ್ಲ್‌ಗೇಟ್
16 ಡಿಸೆಂಬರ್ 1864

ವಿನ್ನಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ತಿದ್ದಿದವರು. ನಿನಗೆ ಲೆಕ್ಕ ಬರುತ್ತಿರಲಿಲ್ಲ, ನನ್ನ ಹಲಗೆ ನೋಡಿ ಬರೆಯುತ್ತಿದ್ದೆ. ಆ ಸಲುಗೆಯಿಂದ ಹೇಳುತ್ತೇನೆ.

ನಿನ್ನ ಕಾಗದ ಬಂದ ದಿನ ಹುಡುಗಿ ಊಟ ಮಾಡುವುದಿಲ್ಲ. ನೀನು ಯಾವ ನೂಲು ಎಳೆಯುತ್ತಿದ್ದೀಯೋ ನಿನಗೆ ತಿಳಿಯದು. ಜೇನಿಗೆ ಕಟ್ಟಿದ ಕಪ್ಪು ಬಟ್ಟೆ ನನ್ನ ಹಳೆಯ ಲಂಗದ್ದು. ನಿಜ. ಆದರೆ ಮುರಿದ ಕೈಯಲ್ಲಿ ಗಂಟು ಹಾಕಲು ಬರುವುದಿಲ್ಲ ವಿನ್ನಿ. ಕಟ್ಟಿದ ಕೈ ಯಾರದೆಂದು ನೀನೇ ಯೋಚಿಸು. ಯೋಚಿಸಿ, ಬಾಯಿ ಮುಚ್ಚಿಕೊಂಡಿರು.

ಆ ಐರ್ಲೆಂಡಿನವನಿಗಾಗಿ ನಾನೂ ಅಳುತ್ತೇನೆ. ಆದರೆ ಅವನು ನನ್ನ ಮನೆಯವನಲ್ಲ. ಆಗ್ನೆಸ್ ನನ್ನ ಮನೆಯವಳು.

ಎಲೆನೋರ್ ಸಿಂಗಲ್ಟನ್


ರೈಕ್ರಾಫ್ಟ್
6 ಜನವರಿ 1865

ಮಗಳೇ,

ಮೂರು ಅರಸರ ಹಬ್ಬ. ಗುಡಿಗೆ ಹೋದೆ, ಪ್ರಾರ್ಥನೆ ಬಾಯಿಗೆ ಬರಲಿಲ್ಲ.

ನಿನ್ನ ಯಜಮಾನಿಯ ಕಾಗದ ಬಂದು ದಿನಗಳಾದವು. ಯಾರಿಗೂ ತೋರಿಸಿಲ್ಲ, ಫಾದರ್‌ಗೂ ಹೇಳಿಲ್ಲ. ಕಟ್ಟಿದ ಕೈ ನಿನ್ನದು ಎನ್ನುತ್ತಾಳೆ. ಇರಬಹುದು. ಯಜಮಾನಿ ಕಟ್ಟು ಅಂದಳು, ನೀನು ಕಟ್ಟಿದೆ. ಕೆಲಸದವಳಿಗೆ ತನ್ನದು ಎಂಬ ಕೈ ಎಲ್ಲಿದೆ? ಯಾಕೆ ಎಂದು ನೀನು ಕೇಳಿರಲಿಕ್ಕಿಲ್ಲ. ಅದನ್ನು ಕೋರ್ಟಿನಲ್ಲಿ ಹೇಳಿದರೆ ನಿನಗೆ ಯಾರೂ ಏನೂ ಮಾಡುವುದಿಲ್ಲ.

ಅಷ್ಟೇ ತಾನೆ ಆಗ್ನೆಸ್? ಅಷ್ಟೇ ಎಂದು ಒಂದು ಸಾಲು ಬರಿ. ಬೇರೆ ಏನೂ ಬೇಡ.

ಅವ್ವ


ರೈಕ್ರಾಫ್ಟ್
3 ಫೆಬ್ರವರಿ 1865

ಆಗ್ನೆಸ್,

ಒಂದು ಸಾಲು.

ಅವ್ವ


ಲ್ಯಾಂಕಾಸ್ಟರ್
25 ಫೆಬ್ರವರಿ 1865

ಶ್ರೀಮತಿ ಕಾಟಮ್ ಅವರಿಗೆ,

ಮಾರ್ಟಿನ್ ಗೆರಾಟಿಯ ವಿಚಾರಣೆ ಮುಂದಿನ ವಾರ ನಡೆಯಲಿದೆ. ಆತನ ಪರವಾಗಿ ಹೇಳಲು ಜೇನುಗೂಡಿನ ಮಾತೊಂದನ್ನು ಬಿಟ್ಟರೆ ನನ್ನ ಬಳಿ ಏನೂ ಇಲ್ಲ. ಅದನ್ನು ಸಮರ್ಥಿಸುವ ಸಾಕ್ಷಿ ದೊರೆಯದಿದ್ದರೆ ಆತ ಉಳಿಯುವುದಿಲ್ಲವೆಂದು ತಮಗೆ ತಿಳಿಸುವುದು ನನ್ನ ಕರ್ತವ್ಯ. ಆ ಬಟ್ಟೆಯನ್ನು ಕಟ್ಟಿದವರು ಯಾರು, ಯಾವಾಗ ಎಂಬುದು ತಮಗೆ ಅಥವಾ ತಮ್ಮ ಮಗಳಿಗೆ ತಿಳಿದಿದೆಯೆ? ತಮ್ಮ ಉತ್ತರಕ್ಕಾಗಿ ಕಾದಿರುವೆ.

ತಮ್ಮ ವಿಶ್ವಾಸಿ,
ಹೋರೇಸ್ ಪೆಲ್, ವಕೀಲ


ರೈಕ್ರಾಫ್ಟ್
ವಿಭೂತಿ ಬುಧವಾರ, 1 ಮಾರ್ಚ್ 1865

ಪೆಲ್ ಸಾಹೇಬರಿಗೆ ವಿನಿಫ್ರೆಡ್ ಕಾಟಮ್ ಮಾಡುವ ನಮಸ್ಕಾರ.

ನಿಮ್ಮ ಕಾಗದಕ್ಕೆ ಸೋಮವಾರವೇ ಉತ್ತರ ಬರೆದಿದ್ದೆ. ನಮಗಿಬ್ಬರಿಗೂ ಏನೂ ತಿಳಿಯದು ಎಂದು ಬರೆದಿದ್ದೆ. ಅದು ಸುಳ್ಳೆಂದು ನನ್ನ ಕೈಗೆ ಗೊತ್ತಿತ್ತು. ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ.

ನಿನ್ನೆ ಮಂಗಳವಾರ. ಉಪವಾಸದ ತಪಸ್ಸುಕಾಲ ಹಿಡಿಯುವ ಮುನ್ನ ಮನೆಯಲ್ಲಿರುವ ಮೊಟ್ಟೆ ಬೆಣ್ಣೆ ಎಲ್ಲ ಮುಗಿಸಬೇಕಲ್ಲ, ಹಿಟ್ಟು ಕಲಸಿ ದೋಸೆ ಹುಯ್ಯುತ್ತಿದ್ದೆ. ಬಾಗಿಲು ತೆರೆದು ಆಗ್ನೆಸ್ ಒಳಗೆ ಬಂದಳು. ಕೈಯಲ್ಲಿ ಗಂಟು, ಬೂಟಿನ ತುಂಬ ಕೆಸರು.

"ಏನೇ ಇದು, ಹೇಳದೆ ಕೇಳದೆ?" ಅಂದೆ.

"ಅಮ್ಮಾವ್ರು ಲಿವರ್‌ಪೂಲ್‌ಗೆ ಕಳಿಸಿದ್ರವ್ವ. ಅಲ್ಲಿಂದ ಕೆನಡಾಕ್ಕೆ ಹಡಗು. ಪ್ರೆಸ್ಟನ್ ಸ್ಟೇಷನ್‌ನಲ್ಲಿ ಇಳಿದು ಈ ಕಡೆ ರೈಲು ಹತ್ತಿದೆ."

"ಯಾಕೆ ಕೆನಡಾಕ್ಕೆ?"

ಅವಳು ಗಂಟು ಕೆಳಗಿಟ್ಟಳು. ನಾನು ದೋಸೆ ತಿರುವಿ ಹಾಕಿದೆ.

"ಆ ಹಗ್ಗ ಯಾರದೋ ಅವರದು ಅಂತ ಬರೆದಿದ್ಯಲ್ಲ ಅವ್ವ" ಅಂದಳು. "ಅದು ನಂದು."

ಸಾಹೇಬರೇ, ದೋಸೆ ಹೊತ್ತಿತು. ಹೊತ್ತಿದ ವಾಸನೆ ಬರುತ್ತಿದ್ದರೂ ನಾನು ಬಾಣಲೆ ಇಳಿಸಲಿಲ್ಲ. ಕೊನೆಗೆ ಅವಳೇ ಬಂದು ಇಳಿಸಿದಳು.

ನಡೆದದ್ದು ಹೀಗೆ. ಹೆಣ ಸಿಕ್ಕ ಹಿಂದಿನ ದಿನ, ಭಾನುವಾರ ಸಂಜೆ ಹಾಲು ಕರೆದಾದ ಮೇಲೆ ಸಿಂಗಲ್ಟನ್ ಹಾಲಿನ ಕೋಣೆಗೆ ಬಂದ. ಎಲ್ಲರೆದುರು ಕೂಲಿಯವನು ಚಾಟಿ ಮುರಿದ ಉರಿ ಇನ್ನೂ ಆರಿರಲಿಲ್ಲ. ಹೊಲದಲ್ಲಿ ನೀನು ಅವನ ಕಡೆ ನೋಡಿ ನಕ್ಕೆ ಎಂದು ಹೆಂಡತಿಯ ಕೈ ಹಿಡಿದೆಳೆದು, ಚೀಸ್ ಒತ್ತುವ ಕಲ್ಲಿನ ಕೆಳಗಿಟ್ಟು ಕಲ್ಲು ಇಳಿಸಿದ. ಮೆಲ್ಲಗೆ ಇಳಿಸಿದನಂತೆ. "ನಗು ಈಗ" ಎನ್ನುತ್ತಿದ್ದನಂತೆ. ಆಗ್ನೆಸ್ ಗೋಡೆಗೆ ಒರಗಿಸಿದ್ದ, ಹಾಲಿನ ಕೊಡ ಹೆಗಲಲ್ಲಿ ಹೊರುವ ಮರದ ಅಡ್ಡೆ ತೆಗೆದುಕೊಂಡು ಹಿಂದಿನಿಂದ ಹೊಡೆದಳು.

"ನಿಲ್ಲಿಸಬೇಕು ಅಂತಿದ್ದೆ ಅವ್ವ. ನಿಂತುಬಿಟ್ರು."

ರಾತ್ರಿ ಇಬ್ಬರೂ ಸೇರಿ, ಎಲೆನೋರ್ ಒಂದೇ ಕೈಯಲ್ಲಿ ತಳ್ಳುತ್ತ, ಅವನನ್ನು ಕೈಗಾಡಿಯಲ್ಲಿ ಹೊಂಡಕ್ಕೆ ಸಾಗಿಸಿದರು. ಕಾಲು ಜಾರಿ ಬಿದ್ದ ಎನ್ನುತ್ತಾರೆ ಜನ, ಅಷ್ಟಕ್ಕೆ ಮುಗಿಯುತ್ತದೆ ಎಂದುಕೊಂಡರು. ಯಾರ ಮೇಲೂ ಹಾಕಬೇಕೆಂದು ಇರಲಿಲ್ಲ. ಬೆಳಗಾಗುವ ಹೊತ್ತಿಗೆ ಎಲೆನೋರ್ ಜೇನಿನ ಮಾತು ಎತ್ತಿದಳಂತೆ. ಆ ಗೂಡುಗಳನ್ನು ಅವಳು ತವರಿನಿಂದ ತಂದದ್ದು. "ಅವಕ್ಕೆ ಹೇಳ್ದೆ ಬಿಟ್ರೆ ಸಾಯ್ತವೆ ಕಣೆ. ನಾವು ಮಾಡಿದ್ದಕ್ಕೆ ಅವು ಯಾಕೆ ಸಾಯ್ಬೇಕು?" ಅಂದಳಂತೆ. ಯಾರಾದರೂ ಕಂಡಾರು ಎಂದು ಇಬ್ಬರಿಗೂ ಹೊಳೆಯಲಿಲ್ಲ. ನಿಮಗೆ ಇದು ನಂಬಲಾಗದ ದಡ್ಡತನ ಅನ್ನಿಸಬಹುದು. ನನಗೆ ಅನ್ನಿಸುವುದಿಲ್ಲ. ನಾನಾಗಿದ್ದರೂ ಹೇಳುತ್ತಿದ್ದೆ. ಆಗ್ನೆಸ್ ಲಂಗ ಹರಿದು ಗೂಡಿಗೊಂದು ಕಟ್ಟಿ, ಬೀಗದ ಕೈಯಿಂದ ತಟ್ಟಿ, "ನಿಮ್ಮ ಯಜಮಾನ ಹೋದ, ಇನ್ಮೇಲೆ ಯಜಮಾನಿಗೆ ದುಡೀರಿ" ಎಂದು ಒಂದೊಂದಕ್ಕೂ ಹೇಳಿ ಬಂದಳು. ಆ ಹೊತ್ತಿಗೆ ಮಾರ್ಟಿನ್ ಕೊಟ್ಟಿಗೆಯಲ್ಲಿ ಬೂಟು ಹಾಕಿಕೊಳ್ಳುತ್ತಿದ್ದಿರಬೇಕು.

ಈಗ ನನ್ನ ಮಾತು ಕೇಳಿ. ಇದನ್ನು ಕೇಳಿ ನಾನು ಏನೆಂದೆ ಗೊತ್ತೆ?

"ಹೋಗು" ಅಂದೆ. "ಈಗಲೇ ಹೋಗು. ಹಡಗು ಇನ್ನೂ ಹೊರಟಿರಲ್ಲ. ನೀನು ಬಂದಿದ್ದನ್ನ ಯಾರೂ ನೋಡಿಲ್ಲ."

"ಅವ್ವ, ನೀನಾ ಇದನ್ನ ಹೇಳ್ತಿರೋದು?"

"ಹೌದು ನಾನೇ. ಗಂಟು ತಗೋ. ನಡಿ."

"ಅವನಿಗೂ ಒಬ್ಳು ಅವ್ವ ಇದಾಳೆ ಅಂತ ಬರೆದ್ಯಲ್ಲ."

"ಬರೆದಾಗ ನನ್ನ ಮಗಳು ಅಂತ ಗೊತ್ತಿರಲಿಲ್ಲ!" ಎಂದು ಕಿರುಚಿದೆ. ಬೀದಿಗೆ ಕೇಳಿಸಿರಬೇಕು. ಅವಳ ರಟ್ಟೆ ಹಿಡಿದು ಬಾಗಿಲವರೆಗೆ ಎಳೆದೆ. ಐವತ್ತು ವರ್ಷದಲ್ಲಿ ಒಂದು ಪೂಜೆಯನ್ನೂ ತಪ್ಪಿಸದವಳು, ಬಾಗಿಲಲ್ಲಿ ನಿಂತು, ಆ ಕೆಂಪು ಕೂದಲಿನವನು ಸಾಯಲಿ ದೇವರೇ ಎಂದು ಬೇಡಿದೆ. ಬಾಯಿಬಿಟ್ಟೇ ಬೇಡಿದೆ.

ಅವಳು ನನ್ನ ಕೈ ಬಿಡಿಸಿಕೊಂಡಳು. ಒರಟಾಗಿ ಅಲ್ಲ. "ಅವ್ವ, ನಾನು ಆಗಸ್ಟ್‌ನಿಂದ ಊಟದ ತಟ್ಟೆ ಮುಂದೆ ಕೂತಾಗೆಲ್ಲ ಅವನು ಏನು ತಿಂತಿದಾನೆ ಅಂತ ಯೋಚನೆ ಮಾಡ್ತಿದೀನಿ. ಕೆನಡಾದಲ್ಲೂ ಅದೇ ತಟ್ಟೆ. ನಾನು ಹೋಗಲ್ಲ. ಹಸಿವಾಗಿದೆ, ದೋಸೆ ಹುಯ್ತೀಯಾ ಇಲ್ವಾ?"

ಹುಯ್ದೆ. ತಿಂದಳು, ಚೆನ್ನಾಗಿ ತಿಂದಳು. ನಾನು ನೋಡುತ್ತ ಕೂತೆ.

ಇಂದು ಬೆಳಗ್ಗೆ ಪಾಪನಿವೇದನೆ ಮಾಡಿ, ಆಗಸ್ಟ್‌ನಿಂದ ಮುಟ್ಟದಿದ್ದ ಪರಮಪ್ರಸಾದ ತೆಗೆದುಕೊಂಡಳು. ಅವಳು ಫಾದರ್‌ಗೆ ಹೇಳಿದ್ದು ಅವರಲ್ಲೇ ಇರುತ್ತದೆ. ನಿಮಗೆ ಹೇಳಬೇಕಾದ್ದನ್ನು ತಾನೇ ಹೇಳುತ್ತೇನೆ ಎನ್ನುತ್ತಾಳೆ. ಮಾತು ಸ್ಪಷ್ಟವಾಗಿ ಆಡುತ್ತಾಳೆ, ನೀವು ಅವಸರ ಮಾಡಬೇಡಿ.

ನಾನು ಬೇಡುವುದು ಒಂದೇ. ಯಾವುದೇ ನಿರ್ಧಾರಕ್ಕೆ ಮುನ್ನ ಎಲೆನೋರ್‌ಳ ಬಲಗೈಯನ್ನು ವೈದ್ಯರಿಗೆ ತೋರಿಸಿ. ಅದು ಜಾರಿ ಬಿದ್ದು ಮುರಿದ ಕೈಯೋ ಕಲ್ಲಿನ ಕೆಳಗೆ ಅರೆದ ಕೈಯೋ ಅವರು ಹೇಳಲಿ. ನ್ಯಾಯಾಧೀಶರೂ ನೋಡಲಿ. ಮಾರ್ಟಿನ್‌ಗೆ ಹೇಳಿ, ಇವತ್ತೇ ಹೇಳಿ, ಒಂದು ರಾತ್ರಿಯಾದರೂ ಹೆಚ್ಚು ನಿದ್ದೆ ಮಾಡಲಿ.

ಈ ಕಾಗದವನ್ನು ಫಾದರ್ ಮಧ್ಯಾಹ್ನದ ರೈಲಿನಲ್ಲಿ ತರುತ್ತಾರೆ. ಆದರೆ ನೀವು ಕೇಳಿದ ಉತ್ತರ ಇದಲ್ಲ. ಅದು ನನ್ನ ಅಡಿಗೆಮನೆಯಲ್ಲಿ ಶಾಲು ಹೊದ್ದು ಕೂತಿದೆ, ಇಪ್ಪತ್ತೆರಡು ವರ್ಷ ವಯಸ್ಸು. ತಾನೇ ನಡೆದು ಬರುತ್ತೇನೆ ಎನ್ನುತ್ತದೆ, ನಾನು ಬಿಡುತ್ತಿಲ್ಲ. ಒಂದು ಮುಚ್ಚಿದ ಗಾಡಿ ಕೊಟ್ಟು ಯಾರನ್ನಾದರೂ ಕಳುಹಿಸಿ, ಹೆಂಗಸಾದರೆ ಒಳ್ಳೆಯದು, ಬಂದು ನನ್ನ ಉತ್ತರವನ್ನು ಕರೆದುಕೊಂಡು ಹೋಗಲಿ.

ವಿನಿಫ್ರೆಡ್ ಕಾಟಮ್